ಹತ್ತು ಪ್ಯಾಕೆಟ್ ತೂಕ

ಮುದುಕನಿಗೆ ಮರೆವು, ಹೋದ ಸಲ ಎಂಟು ಪ್ಯಾಕೆಟ್ ಅಂದಿದ್ದ, ಈ ಸಲ ಹತ್ತು ಅಂತಾನೆ ಎಂದು ಗೊಣಗಿದವರು ಯಾರಪ್ಪಾ? ಮೊದಲು ಕಿವಿ ತೊಳೆದುಕೊಂಡು ಬನ್ನಿ. ಎಂಟಲ್ಲ, ಹತ್ತು. ಮೊನ್ನೆ ಮಧ್ಯಾಹ್ನ ಏನು ತಿಂದಿರಿ ಎಂದರೆ ತಲೆ ಕೆರೆದುಕೊಳ್ಳುವವರು ನನ್ನ ನೆನಪಿಗೆ ಪರೀಕ್ಷೆ ಇಡುತ್ತೀರಾ? ಸುಮ್ಮನೆ ಕೂತು ಕೇಳಿ.

ಚಿಪ್ಸ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬಳಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ತಕ್ಕಡಿಯಕ್ಕ ಎಂದು. ಬೆಲ್ಟಿನ ಮೇಲೆ ಸಾಲಾಗಿ ಬರುವ ಪ್ಯಾಕೆಟ್ಟುಗಳನ್ನು ಕೈಯಲ್ಲಿ ಎತ್ತಿ ನೋಡಿ ಮುಂದೆ ಬಿಡುವುದು ಅವಳ ಕೆಲಸ. ಎರಡು ಗ್ರಾಂ ಕಮ್ಮಿಯಿದ್ದರೂ ಸಾಕು, ತೆಗೆದು ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದಳು. ಮೇಲ್ವಿಚಾರಕ ಅನುಮಾನಪಟ್ಟು ಅದನ್ನು ಯಂತ್ರದ ಮೇಲಿಟ್ಟು ನೋಡುತ್ತಿದ್ದ, ಆಮೇಲೆ ಮೀಸೆ ಸವರಿಕೊಂಡು ಹೊರಟುಹೋಗುತ್ತಿದ್ದ.

ಶನಿವಾರ ಸಂಜೆ ಕಾರ್ಖಾನೆಯ ಗೇಟಿನಲ್ಲಿ ಮುರಿದ, ಪುಡಿಯಾದ ಚಿಪ್ಸನ್ನು ದೊಡ್ಡ ಚೀಲಕ್ಕೆ ತುಂಬಿ ಕೆಲಸದವರಿಗೆ ಪುಕ್ಕಟೆ ಕೊಡುತ್ತಿದ್ದರು. ಮುರುಕು ಚೀಲ ಎಂದೇ ಅದಕ್ಕೆ ಹೆಸರು. ಆ ಕೆಲಸದವರ ಬೀದಿಯ ಮಕ್ಕಳೆಲ್ಲ ಮುರುಕು ಚೀಲಕ್ಕೆ ಕೈಹಾಕಿಯೇ ಬೆಳೆದವರು. ಬೆಳೆದವರು ಎಂದೆನೇ? ತಡೆಯಿರಿ, ಅಲ್ಲಿಗೇ ಬಂದೆ.

ತಕ್ಕಡಿಯಕ್ಕನ ಮಗಳು ಪುಟ್ಟಿಗೆ ನಾಲ್ಕು ವರ್ಷ. ತಾಯಿ ಬೆಳಗಾಗುವಷ್ಟರಲ್ಲಿ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವಳು ಅತ್ತೆ, ಪುಟ್ಟಿಯ ಅಜ್ಜಿ. ಒಂದು ದಿನ ರಜೆ ಸಿಕ್ಕಿತೆಂದು ತಕ್ಕಡಿಯಕ್ಕ ತಾನೇ ಪುಟ್ಟಿಯನ್ನು ಬೀದಿಯ ಕೊನೆಯ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ತಿಂಗಳಿಗೊಮ್ಮೆ ನರ್ಸಮ್ಮ ಬಂದು ಮಕ್ಕಳನ್ನು ತೂಗುತ್ತಿದ್ದಳು. ಛಾವಣಿಯ ಕೊಕ್ಕೆಗೆ ನೇತುಹಾಕಿದ ತಕ್ಕಡಿ, ಅದರ ಕೆಳಗೆ ಮಗು ಕೂರಲು ಬಟ್ಟೆಯ ಜೋಲಿ.

ಮುಳ್ಳು ನಿಂತಿತು. ನರ್ಸಮ್ಮ ಕನ್ನಡಕ ಏರಿಸಿದಳು.

"ಹನ್ನೊಂದೂಕಾಲು ಕಿಲೋ. ಈ ವಯಸ್ಸಿಗೆ ತೀರಾ ಕಮ್ಮಿ ಅಂದ್ರೂ ಹನ್ನೆರಡೂಕಾಲು ಇರಬೇಕು ಕಣಮ್ಮ. ಏನು ತಿನ್ತಾಳೆ?"

"ಹೊಟ್ಟೆ ತುಂಬ ತಿನ್ತಾಳೆ. ದಿನವಿಡೀ ಬಾಯಾಡಿಸ್ತಾನೇ ಇರ್ತಾಳೆ."

"ಅದೇ ಏನು ಅಂತ ಕೇಳಿದ್ದು."

"ಚಿಪ್ಸು, ಚಹಾ... ನಿಮ್ಮ ತಕ್ಕಡಿ ಕೆಟ್ಟಿದೆ ನರ್ಸಮ್ಮ. ತೂಕದ ವಿಷಯ ನನಗೆ ಹೇಳಬೇಡಿ. ನಾನು ದಿನಾ ಅದನ್ನೇ ಮಾಡೋದು."

ಸಾಲಿನಲ್ಲಿ ನಿಂತ ಹೆಂಗಸರು ಕಿಸಕ್ಕೆಂದರು. ತಕ್ಕಡಿಯಕ್ಕನಿಗೆ ರೋಷ ಬಂತು. ಪುಟ್ಟಿಯನ್ನು ಅಲ್ಲೇ ಬಿಟ್ಟು ಮೂಲೆಯ ಅಂಗಡಿಗೆ ಹೋದಳು. ತನ್ನ ಕಾರ್ಖಾನೆಯದೇ ನೂರು ಗ್ರಾಂ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ ನೋಡಿದಳು. ಎರಡನ್ನು ವಾಪಸ್ ಇಟ್ಟಳು.

"ಚಿನ್ನ ಕೊಳ್ತಿದ್ದೀಯೇನಮ್ಮಾ?" ಎಂದ ಅಂಗಡಿಯವ.

"ಕವರ್ ಸೇರಿ ಸರಿಯಾಗಿ ನೂರು ಇರೋವು ಬೇಕು. ಹತ್ತು."

ಹತ್ತನ್ನೂ ಸೆರಗಿಗೆ ಹಾಕಿಕೊಂಡು ಬಂದು ಮಗುವನ್ನು ಇಳಿಸಿ ಖಾಲಿ ಜೋಲಿಗೆ ಸುರಿದಳು. "ಈಗ ನೋಡಿ ನಿಮ್ಮ ತಕ್ಕಡಿಯ ಬಂಡವಾಳ!"

ಮುಳ್ಳು ಒಮ್ಮೆ ನಡುಗಿ ನಿಂತಿತು. ಒಂದು ಕಿಲೋ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಕಿಸಕ್ಕೆಂದವರೂ ಮುಳ್ಳು ನೋಡಲು ಕತ್ತು ಚಾಚಿದರು. ನರ್ಸಮ್ಮ ಗೆದ್ದೆ ಎಂದು ಬೀಗಲಿಲ್ಲ. "ಪುಟ್ಟಿಗೆ ಕಮ್ಮಿ ಇರೋದೂ ಇಷ್ಟೇ ಕಣಮ್ಮ" ಎಂದಳು. ತಕ್ಕಡಿಯಕ್ಕ ಪ್ಯಾಕೆಟ್ಟುಗಳನ್ನು ಜೋಲಿಯಿಂದ ಒಂದೊಂದಾಗಿ ಎತ್ತಿಕೊಂಡಳು. ಮಡಿಲು ತುಂಬಿಹೋಯಿತು.

"ಇನ್ನು ಮೇಲೆ ಮೊಟ್ಟೆ, ಬೇಳೆ, ಸೊಪ್ಪು ಎಲ್ಲಾ ಕೊಟ್ರೆ ಸರಿಹೋಗ್ತಾಳಾ?"

"ತೂಕ ಬರಬಹುದು. ಆದ್ರೆ ಮೊದಲ ಎರಡು ವರ್ಷದಲ್ಲಿ ನಿಂತುಹೋದ ಎತ್ತರ ಪೂರ್ತಿ ಬರೋದು ಕಷ್ಟ. ಸುಳ್ಳು ಹೇಳಲ್ಲ ನಾನು."

ಮನೆಗೆ ಬಂದು ಅತ್ತೆಯ ಮೇಲೆ ಹರಿಹಾಯ್ದಳು. ಅತ್ತೆ ಊದಿಕೊಂಡ ಬೆರಳುಗಳನ್ನು ಅವಳ ಮುಖದ ಮುಂದೆ ಹಿಡಿದಳು. "ಈ ಕೈಯಲ್ಲಿ ಪಾತ್ರೆ ಇಳಿಸ್ಲಾ? ಮಗು ಅತ್ತಾಗ ಚೀಲ ಬಿಚ್ಚೋದು ಬಿಟ್ಟು ಇನ್ನೇನಾಗುತ್ತೆ ನನ್ನ ಕೈಲಿ? ಚೀಲ ಹೊತ್ಕೊಂಡು ಬಂದೋಳು ನೀನೇ ಅಲ್ವೇನೇ?"

ಸುಳ್ಳೇನಿತ್ತು ಅದರಲ್ಲಿ?

ಮರುದಿನದಿಂದ ಇನ್ನೂ ಕತ್ತಲಿರುವಾಗಲೇ ಎದ್ದು ಬೇಳೆ, ಸೊಪ್ಪು ಬೇಯಿಸಿ, ಅತ್ತೆಯ ಕೈಗೆಟುಕುವ ಹಾಗೆ ಸಣ್ಣ ಬಟ್ಟಲುಗಳಲ್ಲಿ ತುಂಬಿಟ್ಟು ಹೋಗತೊಡಗಿದಳು. ಉಪ್ಪು ಖಾರಕ್ಕೆ ಒಗ್ಗಿದ ನಾಲಿಗೆ, ಪುಟ್ಟಿ ಥೂ ಎಂದು ಉಗಿದಳು. ಸಂಜೆ ಬಂದು ನೋಡಿದರೆ ಬಟ್ಟಲು ಹಾಗೇ, ಮಗುವಿನ ಅಂಗಿಯೆಲ್ಲ ಸೊಪ್ಪು. ಅತ್ತೆಯೂ ಸುಸ್ತು, ಮಗುವೂ ಸುಸ್ತು.

ಶನಿವಾರ ಗೇಟಿನಲ್ಲಿ ಅವಳು ಮುರುಕು ಚೀಲ ಬೇಡವೆಂದಳು.

"ಬೇಡ್ವಾ? ಒಳ್ಳೇದಾಯ್ತು" ಎಂದು ಮೇಲ್ವಿಚಾರಕ ಅದನ್ನು ಹಿಂದೆ ನಿಂತಿದ್ದ ಎದುರು ಮನೆಯವಳಿಗೆ ಕೊಟ್ಟ. ಅವಳಿಗೆ ಮೂರು ಮಕ್ಕಳು. ಎರಡು ಚೀಲ ಸಿಕ್ಕ ಖುಷಿಗೆ, "ಏನಕ್ಕಾ, ದೊಡ್ಡ ಮನುಷ್ಯರಾಗಿಬಿಟ್ರಾ?" ಎಂದು ಕಣ್ಣು ಮಿಟುಕಿಸಿದಳು. ತಾನು ಬಿಟ್ಟ ಚೀಲ ಆ ಮೂವರ ಹೊಟ್ಟೆಗೆ ಹೋಗುವುದನ್ನು ತಕ್ಕಡಿಯಕ್ಕ ದಾರಿಯುದ್ದಕ್ಕೂ ಮನಸ್ಸಿನಲ್ಲೇ ನೋಡುತ್ತಾ ನಡೆದಳು.

ಮುಂದಿನ ತೂಕದ ದಿನ ಅರ್ಧ ದಿನದ ರಜೆ ಹಾಕಿ, ಒಡೆಯದೆ ಇಟ್ಟಿದ್ದ ಅದೇ ಹತ್ತು ಪ್ಯಾಕೆಟ್ ಹಿಡಿದು ಹೋದಳು. ಪುಟ್ಟಿಯ ತೂಕ ಏರಿದ್ದು ನೂರು ಗ್ರಾಂ. ಬರೀ ಒಂದು ಪ್ಯಾಕೆಟ್. ಎದುರು ಮನೆಯವಳ ಕೊನೆಯ ಮಗನ ತೂಕವೂ ಕಮ್ಮಿ ಬಂದಾಗ ಅವಳೂ ಕೂಗಾಡಿದಳು, "ಈ ತಕ್ಕಡಿ ಕೆಟ್ಟಿದೆ!" ತಕ್ಕಡಿಯಕ್ಕ ಜಗಳಕ್ಕೆ ಹೋಗಲಿಲ್ಲ. ಮಗುವನ್ನು ಇಳಿಸಿ ಹತ್ತು ಪ್ಯಾಕೆಟ್ ಜೋಲಿಯಲ್ಲಿಟ್ಟಳು. ಮುಳ್ಳು ಒಂದಕ್ಕೆ ಬಂದು ನಿಂತಿತು. ಎದುರು ಮನೆಯವಳು ಅದನ್ನೇ ನೋಡಿದಳು, ಮಗುವನ್ನು ಎತ್ತಿಕೊಂಡು ಹೊರಟುಹೋದಳು. ತಕ್ಕಡಿಯಕ್ಕ ಪ್ಯಾಕೆಟ್ಟುಗಳನ್ನು ನರ್ಸಮ್ಮನ ಬೀರುವಿನಲ್ಲೇ ಇಟ್ಟು ಬಂದಳು.

ಆಮೇಲೆ ಬೀದಿ ಬದಲಾಯಿತೇ ಎನ್ನುತ್ತೀರಿ. ಇಲ್ಲ. ಆ ಸಂಜೆಯೂ ಎದುರು ಮನೆಯಿಂದ ಕರುಂಕುರುಂ ಸದ್ದು ಬರುತ್ತಲೇ ಇತ್ತು. ಪುಟ್ಟಿ ಆ ಸದ್ದಿಗೆ ಕಿವಿಗೊಟ್ಟು ಅತ್ತಳು. ತಕ್ಕಡಿಯಕ್ಕ ಬಾಗಿಲು ಮುಂದೆ ಮಾಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೇಳೆಯ ಬಟ್ಟಲು ಹಿಡಿದಳು. ಒಂದು ತುತ್ತು ಒಳಗೆ, ಎರಡು ತುತ್ತು ಹೊರಗೆ. ಬಹಳ ಹೊತ್ತು ಹೀಗೇ ನಡೆಯಿತು. ಕೊನೆಗೆ ಚೆಲ್ಲಿದ್ದನ್ನೆಲ್ಲ ಬಳಿದು ಬಟ್ಟಲಿಗೇ ಹಾಕಿ, ಬಟ್ಟಲನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದಳು.

"ಎಷ್ಟೇ?" ಎಂದಳು ಅತ್ತೆ, ಮೂಲೆಯಿಂದ.

"ಇಪ್ಪತ್ತು ಗ್ರಾಂ ಒಳಗೆ ಹೋಗಿದೆ ಅತ್ತೆ."

ಕಥೆ ಇಷ್ಟೇ. ತಕ್ಕಡಿ ಕೆಟ್ಟಿದೆ ಎನ್ನುವವರು ನಿಮ್ಮ ಕಡೆಯೂ ಇರುತ್ತಾರೆ, ಅವರಿಗೆ ಇದನ್ನು ಹೇಳಿ. ಆದರೆ ಪ್ಯಾಕೆಟ್ ಹತ್ತೇ, ಎಂಟು ಮಾಡಬೇಡಿ.