ಶರ್ಯತ್ತಿಗೆ ಬರೆದ ಮಾನಪತ್ರ

‘ಶರ್ಯತ್ತು’ ಎಂಬ ಮಾತು ಪುಣೆಯ ಒಂದು ಕಂಪನಿಯ ಸ್ವತ್ತಂತೆ. ಇನ್ನು ಮೇಲೆ ಯಾರಾದರೂ ಮೊಬೈಲ್ ಗೇಮಿಗೆ ಆ ಹೆಸರಿಡಬೇಕಾದರೆ ಅವರ ಅಪ್ಪಣೆ ಕೇಳಬೇಕಂತೆ. ಚಿಕ್ಕೋಡಿ ಕೋರ್ಟಿನ ಎದುರಿಗಿರುವ ವಕೀಲೆ ಅಪೂರ್ವಾಳ ಆಫೀಸಿನಲ್ಲಿ ಕುಳಿತು ಆ ನೋಟಿಸು ಓದಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಜುಗೂಳದಿಂದ ಏಕಸಂಬಿಯವರೆಗೆ ಪಂದ್ಯ ಕಟ್ಟಿ ಎತ್ತಿನ ಗಾಡಿ ಓಡಿಸದ ಊರು ಯಾವುದಿದೆ? ಓಡಿಸಿದ್ದನ್ನು ಶರ್ಯತ್ತು ಎನ್ನದೆ ಇನ್ನೇನು ಅಂದಿದ್ದೇವೆ? ನನ್ನಜ್ಜ ಅಂದ, ಅವನಜ್ಜನೂ ಅಂದಿರಬೇಕು. ಈಗ ಯಾರೋ ಎಸಿ ರೂಮಿನಲ್ಲಿ ಕುಳಿತು ಅದಕ್ಕೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ಬಂದಿದ್ದಾರೆ.

ಇದರಲ್ಲಿ ಸಿಕ್ಕಿಬಿದ್ದವಳು ಮಯೂರಿ. ನಮ್ಮ ಜುಗೂಳದ ಅಕ್ಕುತಾಯಿಯ ಮಗಳು. ಅಕ್ಕುತಾಯಿ ಮಂದಿಯ ಹೊಲದಲ್ಲಿ ಕಬ್ಬಿನ ಕಳೆ ತೆಗೆಯುವ ಹೆಂಗಸು. ಮಯೂರಿ ಏಳನೆಯ ಇಯತ್ತೆಯವರೆಗೆ ನನ್ನ ಕೈಯಲ್ಲೇ ಕಲಿತಳು, ಈಗ ಅಥಣಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ. ಮೂರು ವರ್ಷ ಒಬ್ಬಳೇ ಕುಳಿತು ಮೊಬೈಲಿನ ಗೇಮ್ ಮಾಡಿದಳು. ಜೋಡೆತ್ತು, ಹೊಳೆದಂಡೆಯ ಕರಿಮಣ್ಣು, ಎತ್ತು ಬೆದರಿದರೆ ಗಾಡಿಸಮೇತ ಕಬ್ಬಿನೊಳಗೆ ನುಗ್ಗುವುದು, ಎಲ್ಲ ಇತ್ತು ಅದರಲ್ಲಿ. ಹೆಸರು ‘ಜುಗೂಳ ಶರ್ಯತ್ತು’. ಕಾಗವಾಡದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳೂ ಆಡುತ್ತಿದ್ದರು. ಒಂದು ದಿನ ಮುಂಜಾನೆ ನೋಡಿದರೆ ಮೊಬೈಲಿನ ಆ್ಯಪ್ ಅಂಗಡಿಯಲ್ಲಿ ಗೇಮೇ ಇಲ್ಲ. ‘ಶರ್ಯತ್ ಸಾಮ್ರಾಟ್’ ಎಂಬ ಗೇಮ್ ಮಾಡಿದ ಆ ಪುಣೆಯವರು ದೂರು ಕೊಟ್ಟು ತೆಗೆಸಿದ್ದರು. ಅವರ ಗೇಮಿನಲ್ಲಿ ಎತ್ತುಗಳು ಕುದುರೆಯ ಹಾಗೆ ಓಡುತ್ತವೆ, ಥೂ!

“ಹೆಸರ ಬದಲಿ ಮಾಡಿಬಿಡ್ಲೇನ್ರಿ ಗುರೂಜಿ?” ಎಂದಳು ಮಯೂರಿ. “ಆದ್ರ ಮಂದಿ ಈ ಹೆಸರ ಹಾಕೇ ಹುಡುಕತಾರ್ರಿ. ಬದಲಿ ಮಾಡಿದ್ರ ಮತ್ತ ಸೊನ್ನೀಲಿಂದ ಶುರು.”

“ಯಾಕ ಬದಲಿ ಮಾಡ್ತಿ? ಅವರಪ್ಪನ ಮನೀದೇನ ಆ ಮಾತು?” ಎಂದು ಮೇಜು ಗುದ್ದಿದೆ.

ಅಪೂರ್ವಾ ನನ್ನನ್ನೇ ನೋಡುತ್ತಿದ್ದಳು. “ಮಾತು ಊರಂದು ಅನ್ನಾಕ ಹಳೇ ಹ್ಯಾಂಡ್‌ಬಿಲ್ ಗಂಟಗಟ್ಲೆ ಅದಾವ್ರಿ, ಗುರೂಜಿ. ತೊಡಕ ಇರೂದು ಇದ್ರಾಗ” ಎಂದು ನೋಟಿಸಿಗೆ ಲಗತ್ತಾಗಿದ್ದ ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದಳು.

ಅದು ಒಂದು ಮಾನಪತ್ರದ ನಕಲು. ‘ಶರ್ಯತ್ತು ಎಂಬ ಪದವನ್ನೇ ಅರಿಯದ ನಮ್ಮ ನಾಡಿಗೆ ಆ ಪದವನ್ನು ದಯಪಾಲಿಸಿದ ಮಹನೀಯರೇ! ಇಂದಿನಿಂದ ಈ ಹೆಸರು ಕಿವಿಗೆ ಬಿದ್ದರೆ ನಮಗೆ ನೆನಪಾಗುವುದು ತಮ್ಮ ಸಂಸ್ಥೆಯೊಂದೇ!’ ಕೆಳಗೆ ಜುಗೂಳ ಶರ್ಯತ್ತು ಕಮಿಟಿಯ ಸಿಕ್ಕಾ, ಅಧ್ಯಕ್ಷ ಭಾವುಸಾಹೇಬರ ಸಹಿ. ಅದರ ಕೆಳಗೆ ಸಣ್ಣಕ್ಷರದಲ್ಲಿ, ರಚನೆ: ರಾಜಾರಾಮ ಮಾಸ್ತರ, ನಿವೃತ್ತ ಮುಖ್ಯೋಪಾಧ್ಯಾಯರು.

ಬರೆದವನು ನಾನೇ. ಎರಡು ವರ್ಷದ ಹಿಂದೆ ಆ ಕಂಪನಿಯವರು ಶರ್ಯತ್ತಿನ ಮೊದಲ ಬಹುಮಾನಕ್ಕೆ ಬೈಕು ಕೊಟ್ಟಿದ್ದರು. ಬೈಕು ಕೊಟ್ಟವರಿಗೆ ಶಾಲು ಹೊದಿಸಬೇಕು, ಶಾಲಿನ ಜೊತೆ ಮಾನಪತ್ರ ಓದಬೇಕು. ಸುತ್ತ ಎಂಟು ಹಳ್ಳಿಗೆ ಮಾನಪತ್ರ ಬರೆಯುವವನು ನಾನೊಬ್ಬನೇ. ಭಾವುಸಾಹೇಬರು ಮುಂಜಾನೆ ಹೇಳಿ ಕಳಿಸಿದರು, ಚಹಾ ಆರುವುದರೊಳಗೆ ಬರೆದು ಕೊಟ್ಟೆ. ಒಬ್ಬನಿಗೆ ಸೂರ್ಯ ಅನ್ನುವುದು, ಇನ್ನೊಬ್ಬನಿಗೆ ಹಿಮಾಲಯ ಅನ್ನುವುದು, ಆ ಕೆಲಸವೇ ಅಂಥದ್ದು. ಓದುವವನೂ ನಂಬುವುದಿಲ್ಲ, ಚಪ್ಪಾಳೆ ಹೊಡೆಯುವವರೂ ನಂಬುವುದಿಲ್ಲ. ಈ ಕಳ್ಳರು ಮಾತ್ರ ಅದನ್ನು ಜೋಪಾನವಾಗಿ ಇಟ್ಟುಕೊಂಡು ಸಾಕ್ಷಿ ಮಾಡಿದ್ದಾರೆ.

“ಹೊಗಳಾಕ ಬರದದ್ದು ಅಂತ ಅಫಿಡವಿಟ್ ಕೊಡ್ತೇನಿ, ತಗೋ” ಎಂದೆ.

“ಸಾಲೂದಿಲ್ರಿ. ಶಿಷ್ಯಾಳ ಸಲುವಾಗಿ ಮಾಸ್ತರ ಈಗ ಮಾತ ತಿರುವ್ಯಾನ ಅಂತಾರ. ನೀವು ಎಲ್ಲಾರಿಗೂ ಹಿಂಗಽ ಬರೀತೀರಿ ಅಂತ ತೋರಸ್ಬೇಕು. ಬರದದ್ದೆಲ್ಲಾ ತರ್ರಿ. ಯಾವುದ್ರಾಗೂ ಖರೇ ಇಲ್ಲಂತ ಪ್ರಮಾಣ ಮಾಡ್ರಿ.”

ನನ್ನ ಹತ್ತಿರ ಕಚ್ಚಾ ಪ್ರತಿಗಳ ವಹಿ ಇತ್ತು. ಆದರೆ ಊರಿಗೆ ಮೊದಲು ಹೇಳದೆ ಊರಿನ ಮಾನ ಕಳೆಯಲು ಮನಸ್ಸು ಒಪ್ಪಲಿಲ್ಲ. ಭಾವುಸಾಹೇಬರ ಮನೆಗೆ ಹೋಗಿ ಎಲ್ಲ ಹೇಳಿದೆ. ಪಡಸಾಲೆಯ ಗೋಡೆಯ ಮೇಲೆ ಅವರ ಅರವತ್ತನೆಯ ಹುಟ್ಟುಹಬ್ಬದ ಮಾನಪತ್ರ, ಬಂಗಾರದ ಬಣ್ಣದ ಕಟ್ಟಿನಲ್ಲಿ. ಅದೂ ನನ್ನದೇ.

“ನನ್ನದೂ ಸುಳ್ಳಂತ ಬರೀತೀರೇನ್ರಿ, ಮಾಸ್ತರ?”

“ಸುಳ್ಳಲ್ಲೇನ್ರಿ ಭಾವುಸಾಹೇಬ್ರ? ಮಹಾಪೂರಕ್ಕ ಎದಿ ಕೊಟ್ಟ ನಿಂತು ಊರ ಉಳಿಸಿದ್ರಿ ಅಂತ ಬರದೇನಿ. ಆ ಹದಿನೈದ ದಿನ ನೀವು ನಿಪ್ಪಾಣ್ಯಾಗ ಮಗಳ ಮನ್ಯಾಗ ಇದ್ರಿ.”

“ಬರದಾವ್ರು ನೀವಽ ಅಲ್ಲೇನ್ರಿ!”

“ನಾನಽ. ನನ್ನ ಕೈಗಿಷ್ಟು ಬೆಂಕಿ ಹಾಕ!”

ಅವರು ದನಿ ತಗ್ಗಿಸಿದರು. “ಸಿಟ್ಟಿಗೇಳಬ್ಯಾಡ್ರಿ. ಈ ವರ್ಷ ಕಂಪನಿಯವ್ರು ಎರಡ ಬೈಕ್ ಕೊಡ್ತೇವಂದಾರ. ಒಂದ ಹುಡುಗಿ ಆಟದ ಸಲುವಾಗಿ ಊರಿಗೆ ಬರೂದನ್ನ ಯಾಕ ಬಿಡಬೇಕ್ರಿ?”

ನನ್ನ ತಲೆ ಕೆಟ್ಟಿತು. “ಆಟ ಅಂತೀರೇನ್ರಿ? ಮೂರ ವರ್ಷ ಕಣ್ಣ ಕೆಡಿಸ್ಕೊಂಡ ಮಾಡ್ಯಾಳ ಆಕಿ. ಊರಿನ ಮಾತನ್ನ ಎರಡ ಬೈಕಿಗೆ ಮಾರಾಕ ನಿಂತೀರಿ, ನಾಚಿಕಿ ಬರಬೇಕು! ನಾಳೆ ‘ಹೊಳಿ’ ಅನ್ನಾಕೂ ಅವರನ್ನ ಕೇಳ್ರಿ, ‘ಎತ್ತು’ ಅನ್ನಾಕೂ ಕೇಳ್ರಿ!” ಎಂದು ಮುಂದಿಟ್ಟ ಚಹಾ ಮುಟ್ಟದೆ ಎದ್ದುಬಂದೆ. ಊರಲ್ಲಿ ಅಂದಿನಿಂದ ನನ್ನನ್ನು ಯಾವ ಕಾರ್ಯಕ್ರಮಕ್ಕೂ ಕರೆದಿಲ್ಲ. ಕರೆಯದಿದ್ದರೆ ಬಿಡಲಿ.

ಸೋಮವಾರ ಚಿಕ್ಕೋಡಿಗೆ ವಹಿ ಒಯ್ದೆ. ಅಪೂರ್ವಾ ಒಂದೊಂದನ್ನೇ ಓದಿಸಿದಳು, ನಾನು ಒಂದೊಂದಕ್ಕೂ ಸುಳ್ಳು ಅಂದೆ. ನಲವತ್ತು ವರ್ಷ ನೆಟ್ಟಗೆ ಕನ್ನಡ ಕಲಿಸಿದ ಬಾಯಿ ಒಂದೇ ತಾಸಿನಲ್ಲಿ ಅಷ್ಟು ಸಲ ಸುಳ್ಳು ಸುಳ್ಳು ಅನ್ನಬೇಕಾಯಿತು. ಯಾರಿಂದಾಗಿ? ಎತ್ತಿನ ಸಗಣಿಯ ವಾಸನೆ ಗೊತ್ತಿಲ್ಲದವರಿಂದಾಗಿ.

“ಇಷ್ಟಽ ಏನ್ರಿ? ಬ್ಯಾರೆ ಯಾವುದೂ ಉಳದಿಲ್ಲಲ್ರಿ?” ಎಂದಳು ಅಪೂರ್ವಾ.

“ಇಲ್ಲ” ಎಂದೆ.

“ಐತ್ರಿ” ಎಂದಳು ಮಯೂರಿ. ತನ್ನ ಚೀಲದಿಂದ ಗಾಜಿನ ಕಟ್ಟು ಹಾಕಿದ ಮಾನಪತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಅವಳು ಡಿಗ್ರಿಯಲ್ಲಿ ಕಾಲೇಜಿಗೇ ಮೊದಲು ಬಂದಾಗ ಊರಿನ ಯಾವ ಮಹಾಶಯನಿಗೂ ಅವಳಿಗೊಂದು ಶಾಲು ಹೊದಿಸಬೇಕು ಅನಿಸಿರಲಿಲ್ಲ. ನಾನೇ ಇದನ್ನು ಬರೆದು, ಮನೆಗೆ ಹೋಗಿ ಅಕ್ಕುತಾಯಿಯ ಮುಂದೆ ಓದಿ ಕೊಟ್ಟು ಬಂದಿದ್ದೆ. ವಹಿಯಲ್ಲಿ ಅದರ ಪ್ರತಿ ಇರಲಿಲ್ಲ. ಎರಡೇ ಸಾಲು: ‘ನಲವತ್ತು ವರ್ಷ ಕಲಿಸಿದೆ. ಇಂಥ ಬುದ್ಧಿಯ ಮಗು ನನ್ನ ಕೈಗೆ ಇನ್ನೊಂದು ಸಿಗಲಿಲ್ಲ.’

“ಇದು ಖರೇ ಐತಿ!” ಎಂದು ಕೂಗಿದೆ. “ಇದನ್ನ ಯಾಕ ತಂದಿ ಬೇ? ತಗೋ, ಚೀಲದಾಗ ಹಾಕು!”

ಅಪೂರ್ವಾ ಪೆನ್ನು ಕೆಳಗಿಟ್ಟಳು. “ನಾನು ಏನೂ ಹೇಳೂದಿಲ್ರಿ, ಗುರೂಜಿ. ಆದ್ರ ಒಂದ ಖರೇ ಅಂದ್ರೂ, ಮುಚ್ಚಿಟ್ಟದ್ದು ಸಿಕ್ಕರೂ ಅವರ ವಕೀಲ ಬಿಡೂದಿಲ್ಲ. ನಮ್ಮದೂ ಖರೇನಽ ಅಂತಾನ.”

“ನನಗ ಗೊತ್ತೈತಿ. ಅದಕ್ಕಽ ತಂದೇನ್ರಿ” ಎಂದಳು ಮಯೂರಿ. ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ನನ್ನ ಕಡೆ ತಿರುಗಲಿಲ್ಲ. “ಅವ್ವಗ ಓದಾಕ ಬರೂದಿಲ್ರಿ. ಗ್ವಾಡೀಲಿಂದ ತಗೀವಾಗ ಯಾಕ ಅಂದ್ಲು. ಕಟ್ಟ ಬದಲಿ ಮಾಡಸ್ಕೊಂಡ ಬರ್ತೇನಿ ಅಂತ ಹೇಳೇನಿ. ಇದನ್ನೂ ಅದರಾಗ ಬರ್ಕೋರಿ, ಗುರೂಜಿ.”

ಗಾಜು ಬಿಚ್ಚಿ ಹಾಳೆಯನ್ನು ಅವಳೇ ಹೊರಗೆ ತೆಗೆದಳು. ಬಾಯಿಗೆ ಬಂದ ಬೈಗುಳವನ್ನೆಲ್ಲ ಪುಣೆಯ ಕಡೆ ಮುಖ ಮಾಡಿ ಬೈದೆ. ಬೈದರೂ ಸಿಟ್ಟು ಇಳಿಯಲಿಲ್ಲ. ಹಲ್ಲು ಕಚ್ಚಿ ಅಫಿಡವಿಟ್ಟಿಗೆ ಸಹಿ ಮಾಡಿದೆ.

ನೋಟರಿ ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆಗೆ ಸಿಕ್ಕಾ ಒತ್ತುತ್ತ ಬಂದ. ಕೊನೆಯ ಹಾಳೆಗೆ ಬಂದಾಗ ತಲೆ ಎತ್ತಿ, “ಎಲ್ಲಾ ಸುಳ್ಳೇನ್ರಿ, ಮಾಸ್ತರ? ಇದೂ?” ಎಂದು ಕೇಳಿದ.

ಅವನ ಕೈಯಲ್ಲಿದ್ದದ್ದು ಮಯೂರಿಯ ಹಾಳೆ. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

“ಹೌದ್ರಿ” ಎಂದೆ. “ಇದೂ ಸುಳ್ಳು.”