ಬೋರಲು ಹಾಕಿದ ಫೋನು

ನಮ್ಮ ವಿಶ್ವವಿದ್ಯಾಲಯಕ್ಕೆ ಕಟ್ಟಡವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಅದು ಫೋನಿನೊಳಗಿನ ಒಂದು ಕೋಣೆ, ಅಲ್ಲಿ ಸಂಜೆ ಸೇರುವ ನಾಲ್ಕು ಜನ. ಯಾರ ಮುಖವನ್ನೂ ಯಾರೂ ಕಂಡಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ದುಡಿಯುವ ಪಾರ್ಸೆಲಣ್ಣ, ಆಸ್ಪತ್ರೆಯ ಪಾಳಿ ಮುಗಿಸಿ ಬರುವ ನರ್ಸಕ್ಕ, ಎಂದೂ ಬಾಯಿ ಬಿಡದ ಮೌನಿ, ಮತ್ತೆ ನಾನು. ನಾನು ಬಟ್ಟೆ ಆಲ್ಟರ್ ಮಾಡುವವಳು, ಅದಕ್ಕೆ ಸೂಜಿ ಎಂದು ಕರೆಯುತ್ತಾರೆ.

ಕೋಣೆಗೆ ಬಂದವರು ‘ಬಂದೆ’ ಎಂದು ಬರೆಯಬೇಕು. ಆಮೇಲೆ ಮೈಕ್ ಮುಚ್ಚಿ ಅವರವರ ಪಾಡಿಗೆ ಓದಬೇಕು. ಎದ್ದು ಹೋಗುವಾಗ ‘ಬರ್ತೀನಿ’. ಒಬ್ಬರೇ ಓದಿದರೆ ತೂಕಡಿಕೆ, ನಾಲ್ವರು ಕೂತರೆ ನಾಚಿಕೆಗಾದರೂ ಕಣ್ಣು ತೆರೆದಿರುತ್ತದೆ ಎಂಬುದು ನರ್ಸಕ್ಕನ ಸಿದ್ಧಾಂತ.

ನಾನು ಮೈಕ್ ಮುಚ್ಚುತ್ತಿದ್ದ ರೀತಿ ಬೇರೆ. ನನ್ನ ಫೋನನ್ನು ಬೋರಲು ಹಾಕಿದರೆ ರಿಂಗಾಗುವುದು ನಿಲ್ಲುತ್ತದೆ. ಹಾಗಾದರೆ ನಮ್ಮ ಸದ್ದೂ ಆಚೆ ಹೋಗುವುದಿಲ್ಲ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಇಷ್ಟೂ ತಿಳಿಯದವಳು ಪದವಿ ಓದಲು ಹೊರಟಳಲ್ಲ ಅಂದಾರು ಎಂಬ ಅಳುಕು.

ಮುಂಗೋಣೆಯಲ್ಲಿ ನನ್ನ ಮಷಿನ್. ಎದುರಿಗೆ ಅತ್ತೆ ಕೂತು ಬ್ಲೇಡಿನಿಂದ ಹಳೆಯ ಹೊಲಿಗೆ ಬಿಚ್ಚಿಕೊಡುತ್ತಾರೆ. ಬರೀ ಕಣ್ಣಲ್ಲಿ ಓದಿದ್ದು ನನ್ನ ತಲೆಗೆ ಹತ್ತುವುದಿಲ್ಲ, ಪ್ಯಾಂಟಿನ ಕಾಲು ಮಡಚುತ್ತಲೇ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಅತ್ತೆ ಸುಮ್ಮನೆ ಕೇಳಿಸಿಕೊಳ್ಳುವ ಜೀವವಲ್ಲ.

“ಸರಾಸರಿ ಅಂದ್ರೆ ಏನೇ?”

“ಎಲ್ಲಾ ಕೂಡಿಸಿ, ಎಷ್ಟು ಜನರಿದಾರೋ ಅಷ್ಟರಿಂದ ಭಾಗಿಸೋದು ಅತ್ತೆ. ಒಂದು ಅಂಕಿ ಬರತ್ತೆ.”

“ಬಂದ ಮೇಲೆ? ಉಪ್ಪು ಹಚ್ಕೊಂಡು ನೆಕ್ಕೋದಾ?”

ಆಗ ಮಷಿನ್ ನಿಲ್ಲಿಸಿ ಯೋಚಿಸಬೇಕಾಗುತ್ತಿತ್ತು. ಈ ಬೀದಿಯವರೆಲ್ಲರ ಸೊಂಟದ ಸರಾಸರಿ ತೆಗೆದರೆ ಒಟ್ಟು ಎಷ್ಟು ಬಟ್ಟೆ ತರಬೇಕು ಅನ್ನುವುದು ತಿಳಿಯುತ್ತದೆ, ಆದರೆ ಅದೇ ಅಳತೆಗೆ ಪ್ಯಾಂಟ್ ಹೊಲಿದರೆ ಯಾರಿಗೂ ಆಗುವುದಿಲ್ಲ ಎಂದೆ. “ಮೊದಲೇ ಹಾಗನ್ನೋಕೆ ಏನು ರೋಗ,” ಎಂದು ಅತ್ತೆ ದಾರ ಕಿತ್ತರು.

ಎರಡು ಸೆಮಿಸ್ಟರ್ ಹೀಗೇ ಕಳೆದವು. ಮೊದಲ ಪರೀಕ್ಷೆಯಲ್ಲಿ ನಪಾಸಾದ ದಿನ ನಾನು ಅತ್ತದ್ದೂ ಆ ಬೋರಲು ಫೋನಿನ ಪಕ್ಕದಲ್ಲೇ. ಆಗೊಮ್ಮೆ ಈಗೊಮ್ಮೆ ಮೈಕ್ ತೆರೆದು ಮಾತಾಡುವ ಪಾರ್ಸೆಲಣ್ಣನ ಧ್ವನಿ ಹರಿದ ತಗಡಿನ ಹಾಗಿದೆ ಎಂದು ಅತ್ತೆ ಆಡಿಕೊಂಡದ್ದೂ ಅಲ್ಲೇ.

ಹೋದ ವಾರ ಹೊಸ ಮೇಡಂ ಒಬ್ಬರು ನಮ್ಮ ಕೋಣೆಗೆ ಇಣುಕಿದರು. “ಯಾರದು ಹೊಲಿಗೆ ಮಷಿನ್? ನಿಮ್ಮ ಮೈಕ್ ತೆರೆದೇ ಇದೆ. ಯಾರೋ ಹಿರಿಯರು ಮಂಡಿನೋವಿನ ವಿಷಯ ಮಾತಾಡ್ತಿದಾರೆ. ದಯವಿಟ್ಟು ಮುಚ್ಚಿ.”

ಫೋನ್ ಎತ್ತಿ ನೋಡಿದೆ. ಮೈಕಿನ ಚಿತ್ರ ಹಸಿರಾಗಿತ್ತು. ಮೊದಲ ದಿನದಿಂದಲೂ ಹಸಿರೇ. ಹಸಿರೆಂದರೆ ಎಲ್ಲಾ ಸರಿಯಿದೆ ಎಂದು ನಾನು ತಿಳಿದಿದ್ದೆ. ‘ಬರ್ತೀನಿ’ ಎಂದೂ ಬರೆಯದೆ ಹೊರಬಿದ್ದೆ.

ಮರುದಿನ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಪರೀಕ್ಷೆ ಬರೆಯುವವರು ಭಾನುವಾರದೊಳಗೆ ಒಪ್ಪಿಗೆಯ ಗುಂಡಿ ಒತ್ತಬೇಕಿತ್ತು. ಒತ್ತುವುದಿಲ್ಲ, ಓದು ಇಲ್ಲಿಗೆ ಸಾಕು ಎಂದು ತೀರ್ಮಾನಿಸಿದೆ. ಅತ್ತೆಗೆ ಎಲ್ಲಾ ಹೇಳಿದೆ.

“ನನ್ನ ಮಂಡಿ ಊರಿಗೆಲ್ಲಾ ಕೇಳಿಸ್ತಾ?”

“ಮಂಡಿ ಒಂದೇ ಅಲ್ಲ ಅತ್ತೆ.”

ಅವರು ಬ್ಲೇಡ್ ಕೆಳಗಿಟ್ಟರು. “ಬಿಡೋದಾದ್ರೆ ಬಿಡು. ಆದ್ರೆ ಇಷ್ಟು ದಿನ ಜೊತೆಗೆ ಕೂತವರು. ಹೇಳದೆ ಎದ್ದು ಬರೋದು ಮನುಷ್ಯರ ಲಕ್ಷಣ ಅಲ್ಲ.”

ಭಾನುವಾರ ಸಂಜೆ ಕೋಣೆಗೆ ಹೋದೆ. ಮೈಕಿನ ಚಿತ್ರದ ಮೇಲೆ ಮುಚ್ಚಿದ ಗುರುತಿನ ಕೆಂಪು ಗೆರೆ ಬಿದ್ದಿದೆಯೇ ಎಂದು ಮತ್ತೆ ಮತ್ತೆ ನೋಡಿ ಬರೆದೆ: ‘ಬಂದೆ. ನಾನು ಪರೀಕ್ಷೆ ಬರೆಯುತ್ತಿಲ್ಲ. ಇಷ್ಟು ದಿನ ನಿಮ್ಮ ಓದು ಕೆಡಿಸಿದ್ದಕ್ಕೆ ಕ್ಷಮಿಸಿ. ಹೊರಡುತ್ತೇನೆ.’

 ಎಂದೂ ಕೇಳದ ಒಂದು ಧ್ವನಿ ಬಂತು. ಐವತ್ತರ ಆಸುಪಾಸಿನ ಹೆಂಗಸಿನದು.

“ಅತ್ತೆ ಎಲ್ಲಿ?”

ಮಾತಾಡುವವರ ಹೆಸರಿನ ಸುತ್ತ ಪರದೆಯ ಮೇಲೆ ವೃತ್ತವೊಂದು ಬೆಳಗುತ್ತದೆ. ಈಗ ಬೆಳಗಿದ್ದು ಮೌನಿಯದು.

“ಮೌನಿ, ನೀವು ಹೆಂಗಸಾ? ನಾನು ನಿಮ್ಮನ್ನ ತಮ್ಮಾ ತಮ್ಮಾ ಅಂತಿದ್ನಲ್ಲ,” ಎಂದರು ಪಾರ್ಸೆಲಣ್ಣ.

“ಅದು ಆಮೇಲೆ. ಅತ್ತೆ ಇದಾರಾ? ಪ್ರಮಾಣಿತ ವಿಚಲನೆ ಓದಿ ಓದಿ ಸಾಕಾಯ್ತು. ಅದು ಏನು ಅಂತ ಕೇಳೋರೇ ಇಲ್ಲ ಇಲ್ಲಿ.”

ನರ್ಸಕ್ಕ ಮೈಕ್ ತೆರೆದರು. “ಸೂಜಿ, ಮೊದಲ ವಾರವೇ ನಿಮಗೆ ಹೇಳ್ಬೇಕು ಅಂತಿದ್ವಿ. ಅಷ್ಟರಲ್ಲಿ ಅತ್ತೆ ‘ಅಂದ್ರೆ ಏನೇ’ ಅಂದ್ರು. ನಂಗೂ ಅದೇ ಕೇಳ್ಬೇಕಿತ್ತು, ಮಾನ ಅಡ್ಡ ಬಂತು. ನೀವು ಬಿಡಿಸಿ ಹೇಳಿದ್ರಿ. ಹೇಳಿದ್ರೆ ಮೈಕ್ ಮುಚ್ಚಿಬಿಡ್ತೀರಲ್ಲ ಅಂತ ಎಲ್ಲರೂ ಬಾಯಿ ಹೊಲ್ಕೊಂಡ್ವಿ. ಕದ್ದು ಕೇಳಿದ ಹಾಗೇ ಆಯ್ತು. ತಪ್ಪು ನಮ್ಮದು.”

“ನಾನು ಪಾಸಾಗಿದ್ದು ನಿಮ್ಮ ಪ್ಯಾಂಟಿಂದ. ತಗಡು ಅಂದಿದ್ದೂ ಕೇಳಿಸ್ತು ಬಿಡಿ. ಈಗ ನನ್ನ ಹೆಂಡ್ತಿನೂ ಹಾಗೇ ಕರೀತಾಳೆ,” ಎಂದರು ಪಾರ್ಸೆಲಣ್ಣ.

ನನಗೆ ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಎರಡು ಸೆಮಿಸ್ಟರ್ ನನ್ನ ಮನೆಯೊಳಗೆ ಕೂತಿದ್ದು ಒಂದು ಮಾತು ಹೇಳಲಿಲ್ಲವಲ್ಲ. ‘ನಾನು ಅತ್ತ ದಿನ?’ ಎಂದು ಬರೆದೆ.

“ಆ ದಿನ ಯಾರೂ ಓದಲಿಲ್ಲ,” ಎಂದರು ನರ್ಸಕ್ಕ. “ನಂಗೆ ಪಾಳಿಗೆ ತಡವಾಗಿತ್ತು. ಆದ್ರೂ ನೀವು ಮತ್ತೆ ಮಷಿನ್ ತುಳಿಯೋ ಸದ್ದು ಬರೋವರೆಗೂ ಕೂತೆ.”

ನೆನಪಾಯಿತು. ಆ ಸಂಜೆ ಕಣ್ಣೊರೆಸಿಕೊಂಡು ಫೋನ್ ತಿರುಗಿಸಿದಾಗ ಮೂವರೂ ಇನ್ನೂ ಅಲ್ಲೇ ಇದ್ದರು. ಪಾಪ, ಎಷ್ಟು ಓದುತ್ತಾರೆ, ನಾನೇ ಸೋಮಾರಿ ಎಂದುಕೊಂಡಿದ್ದೆ. ನಾನು ‘ಬರ್ತೀನಿ’ ಎಂದ ಮೇಲೆಯೇ ಒಬ್ಬೊಬ್ಬರಾಗಿ ‘ಬರ್ತೀನಿ’ ಬರೆದಿದ್ದರು.

“ಯಾರೇ ಅದು, ನನ್ನ ಕೇಳ್ತಿರೋದು?” ಎಂದರು ಅತ್ತೆ.

ಮೈಕಿನ ಮೇಲೆ ಬೆರಳಿಟ್ಟೆ. ತಿಳಿದು ಅದನ್ನು ತೆರೆದದ್ದು ಅದೇ ಮೊದಲು.

“ಮಂಡಿನೋವು ಹಾಗೇ ಇದೆಯಪ್ಪ, ಕೇಳೋರು ಕೇಳ್ಕೊಳ್ಳಿ,” ಎಂದು ಅತ್ತೆ ಫೋನಿನತ್ತ ಬಾಗಿದರು. “ಅದೇನೋ ವಿಚಲನೆ ಅಂದ್ರಲ್ಲ, ಏನದು? ಇವಳು ಬೇಡ. ತಗಡು, ನೀನು ಹೇಳು.”

“ಅದು ಅತ್ತೆ… ಸರಾಸರಿಯಿಂದ… ಎಷ್ಟು ದೂರ…”

“ಯಾರು ದೂರ?”

“ಸೂಜಿ, ನೀವೇ ಹೇಳ್ಬಿಡಿ,” ಎಂದರು ಪಾರ್ಸೆಲಣ್ಣ.  ಇಸ್ತ್ರಿಗೆಂದು ಮಡಚಿಟ್ಟಿದ್ದ ಪ್ಯಾಂಟುಗಳತ್ತ ನೋಡಿದೆ.

“ಎರಡು ಮನೆ ಅಂದ್ಕೊಳ್ಳಿ ಅತ್ತೆ. ಎರಡರಲ್ಲೂ ಸೊಂಟದ ಸರಾಸರಿ ಒಂದೇ. ಒಂದು ಮನೇಲಿ ಎಲ್ಲರೂ ಹೆಚ್ಚುಕಡಿಮೆ ಅದೇ ಅಳತೆ. ಇನ್ನೊಂದರಲ್ಲಿ ಒಬ್ಬ ಕಡ್ಡಿ, ಒಬ್ಬ ಡ್ರಮ್ಮು. ಆ ಎರಡನೇ ಮನೆಯವರು ಸರಾಸರಿಯಿಂದ ದೂರ ದೂರ ನಿಂತವರು. ಎಷ್ಟು ದೂರ ಅಂತ ಅಳೆಯೋದೇ ವಿಚಲನೆ.”

“ದೂರ ಇದ್ರೂ ಒಂದೇ ಮನೆಯವರು ತಾನೇ?”

“ಹೌದು ಅತ್ತೆ.”

“ಬರ್ಕೊಂಡೆ,” ಎಂದರು ಮೌನಿ.

ಒಪ್ಪಿಗೆಯ ಗುಂಡಿ ಒತ್ತಿದೆ. ನಿಜವಾಗಿ ಒತ್ತಿದೆನೋ ಇಲ್ಲವೋ ಎಂದು ಅನುಮಾನವಾಗಿ ಮತ್ತೆ ತೆರೆದು ನೋಡಿದೆ. ಆಮೇಲೆ ಫೋನನ್ನು ದಾರದುಂಡೆಗಳ ಡಬ್ಬಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಮಷಿನ್ ತುಳಿಯತೊಡಗಿದೆ.