ಮೆತ್ತನೆಯ ಸೀಟು

ಲತಾಮಣಿ ಬಿಡದಿಯ ಕಾರ್ಖಾನೆಯೊಂದರಲ್ಲಿ ಆರು ವರ್ಷ ಕಾರಿನ ಸೀಟು ಹೊಲಿದವಳು. ಆ ಕೆಲಸ ಬಿಟ್ಟ ಮೇಲೆ ದಪ್ಪ ಬಟ್ಟೆ ಹೊಲಿಯುವ ಹಳೆಯ ಮಿಷನ್ ಒಂದನ್ನು ಮನೆಯ ಜಗುಲಿಗೆ ತಂದು ಹಾಕಿಕೊಂಡಳು. ಆಟೋ, ಟ್ರ್ಯಾಕ್ಟರು, ಸಲೂನಿನ ಕುರ್ಚಿ, ಏನು ಬಂದರೂ ಹೊಸ ರೆಕ್ಸಿನ್ ತೊಡಿಸಿ ಕಳಿಸುತ್ತಿದ್ದಳು. ಸೀಟಿನ ವಿಚಾರದಲ್ಲಿ ಮಾಗಡಿ ಕಡೆ ತನಗೆ ಸಮ ಯಾರಿದ್ದಾರೆ ಎಂಬ ಜಂಬ ಅವಳಿಗಿತ್ತು. ಆ ಜಂಬವೇ ಅವಳನ್ನು ಕೆಡಿಸಿತು.

ಡ್ಯಾಮಿನ ಹಿನ್ನೀರಲ್ಲಿ ದೋಣಿ ಓಡಿಸುವ ಬೋರೇಗೌಡ ಒಂದು ಬುಧವಾರ ಹನ್ನೊಂದು ಸೀಟು ತಂದು ಅಂಗಳದಲ್ಲಿ ಇಳಿಸಿದ. ಹತ್ತು ಜನರಿಗೆ, ಒಂದು ಅವನದೇ. ರೆಕ್ಸಿನ್ ಬಿಸಿಲಿಗೆ ಸಿಡಿದು, ಹೊಲಿಗೆ ಬಾಯಿ ಬಿಟ್ಟಿತ್ತು.

"ಕುಂತೋರೆಲ್ಲ ಕಲ್ ಮ್ಯಾಲೆ ಕುಂತಂಗೈತೆ ಅಂತಾರೆ ಕಣವ್ವ," ಎಂದ. "ಒಳಗಿರೋದ ಕಿತ್ತಾಕಿ ಮೆತ್ತಗಿರೋ ಸ್ಪಂಜು ತುಂಬು. ಪಕ್ಕದಾಗೆ ಜೋತಾಡೋ ಬೆಲ್ಟು ಬ್ಯಾಡ, ಅಸಯ್ಯ. ಕುಯ್ದ್ಬುಡು. ಭಾನುವಾರ ಬೆಳಿಗ್ಗೆ ಬತ್ತೀನಿ."

ಕಾರಿನ ಸೀಟು ಕಂಡ ಕಣ್ಣಿಗೆ ಎಲ್ಲ ಸೀಟೂ ಕಾರಿನ ಸೀಟೇ. ಬೆಲ್ಟನ್ನು ಎತ್ತಿಕೊಂಡು ಹೋಗುವುದಕ್ಕೆ ಇಟ್ಟ ಹಿಡಿ ಎಂದುಕೊಂಡಳು. ಸೀಟಿಗೆ ಎರಡರಂತೆ ಇಪ್ಪತ್ತೆರಡನ್ನೂ ಕತ್ತರಿಸಿ ಎಸೆದಳು. ಅತ್ತೆ ಮಾರಕ್ಕ ಅದರಲ್ಲಿ ಎರಡನ್ನು ಆರಿಸಿ ಕೂಡಿಸಿ ಕರುವಿಗೆ ಕೊರಳಪಟ್ಟಿ ಮಾಡಿದಳು. ಲತಾಮಣಿ ಮಾದರಿಗೆಂದು ಮೊದಲು ಗೌಡನ ಸೀಟನ್ನೇ ಮುಗಿಸಿದಳು. ಒತ್ತಿದರೆ ಬೆರಳು ಹೂತುಹೋಗುವಷ್ಟು ಮೆತ್ತಗಿತ್ತು.

ಶುಕ್ರವಾರ ಮಧ್ಯಾಹ್ನ ಮಾರಕ್ಕ ಸೀಟಿನೊಳಗಿಂದ ಕಿತ್ತುಹಾಕಿದ್ದ ಒಂದು ಬೂದುಬಣ್ಣದ ಹಳೇ ತುಂಡನ್ನು ದನದ ನೀರಿನ ತೊಟ್ಟಿಗೆ ಹಾಕಿ ಗೊಣಗುತ್ತಿದ್ದಳು. ಮಂಡಿ ಊರಲು ಚೆನ್ನಾಗಿದೆ, ತೊಳೆದಿಡೋಣ ಎಂದು ನೆನೆಹಾಕಿದರೆ ಅದು ನೆನೆಯಲೊಲ್ಲದು. ಸಿಟ್ಟಾಗಿ ರುಬ್ಬುವ ಕಲ್ಲಿನ ಮುರಿದ ಗುಂಡನ್ನು ಮೇಲೆ ಹೇರಿದ್ದಳು. ಆದರೂ ಮುಳುಗಲಿಲ್ಲ.

"ನೋಡಮ್ಮಿ, ಕಲ್ಲ ಹೊತ್ಕೊಂಡು ತೇಲ್ತಾ ಐತೆ. ಏನು ಮೊಂಡು ಇದು."

ಲತಾಮಣಿಯ ಕೈಯಲ್ಲಿದ್ದ ಸೀಮೆಸುಣ್ಣ ಬಿತ್ತು. ಓಡಿಹೋಗಿ, ಅಳತೆಗೆಂದು ಬಿಚ್ಚಿ ಹಾಸಿದ್ದ ಹಳೇ ರೆಕ್ಸಿನ್ ತಿರುಗಿಸಿದಳು. ಸೀಟಿನ ಅಡಿಭಾಗದಲ್ಲಿ ಮಾಸಿದ ಒಂದು ಚಿತ್ರ. ನೀರಿನಲ್ಲೊಬ್ಬ ಮನುಷ್ಯ, ಸೀಟನ್ನು ಎದೆಗವಚಿಕೊಂಡು ಎರಡು ಬೆಲ್ಟಿಗೆ ಎರಡು ತೋಳು ತೂರಿಸಿದ್ದಾನೆ. ತಲೆ ನೀರಿನ ಮೇಲಿದೆ.

ಗೌಡನ ಮೆತ್ತನೆಯ ಸೀಟನ್ನು ತಂದು ತೊಟ್ಟಿಗೆ ಹಾಕಿ, ಅದೇ ಗುಂಡನ್ನು ಅದರ ಮೇಲಿಟ್ಟಳು. ಹೊಲಿಗೆಯ ತೂತುಗಳಿಂದ ಗುಳುಗುಳು ಗುಳ್ಳೆ ಬಂತು. ಸೀಟು ತಳ ಸೇರಿತು.

ಅವಳಿಗೆ ಮೈಯೆಲ್ಲ ಉರಿಯಿತು. ಕುರುಡಿಯಂತೆ ಕತ್ತರಿಸಿದ ತನ್ನ ಕೈ ಮೇಲೂ ಸಿಟ್ಟು, ಬೆಲ್ಟು ಅಸಹ್ಯ ಎಂದ ಆ ಮನುಷ್ಯನ ಮೇಲೂ ಸಿಟ್ಟು. ತಕ್ಷಣ ಫೋನ್ ಮಾಡಿದಳು.

"ಗೌಡ್ರೇ, ಈ ಸೀಟು ನೀರಿಗೆ ಬಿದ್ದೋರು ಹಿಡ್ಕೊಳಕೆ ಮಾಡಿರೋದು. ನಿಮಗೆ ಗೊತ್ತಿತ್ತಾ?"

"ಗೊತ್ತು ಕಣವ್ವ. ದೋಣಿ ಕೊಟ್ಟೋನು ಹೇಳಿದ್ದ. ಎರಡು ವರ್ಸದಿಂದ ಒಬ್ರಾದ್ರೂ ಬಿದ್ದವ್ರಾ? ತೇಲೋ ಜಾಕೆಟ್ ಬ್ಯಾರೆ ಐತೆ."

"ಎಷ್ಟು ಐತೆ?"

"ಆರು."

"ಕೂರೋರು ಹತ್ತು ಜನ."

"ಚಿಕ್ಕ ಮಕ್ಳು ದೊಡ್ಡೋರ ತೊಡೆ ಮ್ಯಾಲೆ ಕುಂತ್ಕತಾರೆ ಬುಡು," ಎಂದು ಫೋನ್ ಇಟ್ಟ.

ಗೊತ್ತಿಲ್ಲದೆ ಹೇಳಿದ್ದಾನೆ ಎಂದು ಮನಸ್ಸಿನ ಮೂಲೆಯಲ್ಲಿ ಅವನ ಪರ ಒಂದು ಮಾತು ಇಟ್ಟುಕೊಂಡಿದ್ದಳು. ಅದೂ ಹೋಯಿತು. ಗೊತ್ತಿದ್ದೂ ಕುಯ್ಯಿಸಿದ್ದ, ಅದೂ ಅವಳ ಕೈಯಿಂದ. ನಾಳೆ ಯಾರದೋ ಮಗು ತಳ ಸೇರಿದರೆ ಅದು ಅಪ್ಪಿಕೊಂಡಿರುವುದು ಲತಾಮಣಿ ಹೊಲಿದ ಸೀಟನ್ನು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತೆರಡು ಬೆಲ್ಟು ಕತ್ತರಿಸಲು ಕಾಲು ಗಂಟೆ ಸಾಕಾಗಿತ್ತು. ಇಪ್ಪತ್ತನ್ನು ಮತ್ತೆ ಕೂರಿಸುವಷ್ಟರಲ್ಲಿ ಶನಿವಾರ ಪೂರ್ತಿ ಹೋಯಿತು. ಬೂದು ತುಂಡುಗಳನ್ನು ಒಳಗೆ ಸೇರಿಸಿ, ಬೆಲ್ಟಿಗೆ ದಪ್ಪ ದಾರದಲ್ಲಿ ಮೂರು ಸುತ್ತು ಹೊಲಿಗೆ ಹಾಕಿದಳು. ಒಂದೊಂದನ್ನೂ ಗೋಡೆಗೆ ಕಾಲು ಕೊಟ್ಟು ಜಗ್ಗಿ ನೋಡಿದಳು. ಮಿಷನ್ನಿನ ಸೂಜಿ ಎರಡು ಸಲ ಮುರಿಯಿತು. ಎರಡು ಸಲವೂ ಬೈದದ್ದು ಬೋರೇಗೌಡನನ್ನು.

ಭಾನುವಾರ ಬೆಳಿಗ್ಗೆ ಗೌಡ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದ. ಸಾಲಾಗಿ ಇಟ್ಟಿದ್ದ ಹತ್ತು ಸೀಟನ್ನೂ, ಎರಡೂ ಪಕ್ಕ ಜೋತ ಬೆಲ್ಟುಗಳನ್ನೂ ನೋಡಿದ. ಒಂದನ್ನು ಗುದ್ದಿ ನೋಡಿದ.

"ಏನವ್ವ ಇದು, ನಾನೇಳಿದ್ದೇನು, ನೀನು ಮಾಡಿರೋದೇನು? ಕಲ್ಲಾಗೇ ಐತಲ್ಲ."

"ಕಲ್ಲಾಗೇ ಇರ್ಲಿ. ಕುಯ್ದೋಳು ನಾನು, ಹೊಲ್ದಿವ್ನಿ. ಬ್ಯಾಡದಿದ್ರೆ ಬುಟ್ಟೋಗಿ. ಸೀಟಿಲ್ಲದ ದೋಣಿಗೆ ಯಾರೂ ಹತ್ತಕಿಲ್ಲ, ಅಷ್ಟು ಜೀವ ಉಳೀತದೆ."

ಗೌಡನ ಮುಖ ಕೆಂಪಾಯಿತು. ಆದರೆ ಆವತ್ತು ಭಾನುವಾರ, ದಡದಲ್ಲಿ ಜನ ಕಾಯುತ್ತಿದ್ದರು. "ನನ್ ಸೀಟೆಲ್ಲಿ?" ಎಂದಷ್ಟೇ ಕೇಳಿದ.

"ನಿಮ್ದು ಮಾತ್ರ ನೀವೇಳಿದಂಗೇ ಮಾಡಿವ್ನಿ. ಮೆತ್ತಗೈತೆ. ಬೆಲ್ಟೂ ಇಲ್ಲ. ಅಗೋ ಅಲ್ಲಿ, ತೊಟ್ಟೀಲಿ."

ಗೌಡ ತೊಟ್ಟಿಯ ಅಂಚಿಗೆ ಹೋಗಿ ಬಗ್ಗಿದ. ತಿಳಿನೀರಿನ ತಳದಲ್ಲಿ ಹೊಸ ನೀಲಿ ಸೀಟು ಗುಂಡನ್ನು ಹೊತ್ತು ಮಲಗಿತ್ತು. ದಿನಕ್ಕೆ ಹತ್ತು ಸಲ ಹಿನ್ನೀರು ಸುತ್ತುವ ಅವನಿಗೆ ಈಜು ಬರದೆಂಬುದು ಊರಿಗೆಲ್ಲ ಗೊತ್ತಿತ್ತು.

"ಅದಕ್ಕೂ ಗಟ್ಟೀದೇ ಹಾಕ್ಬುಡು," ಎಂದ, ತಲೆ ಎತ್ತದೆ.

"ಬೆಲ್ಟು?"

"ಅದೂನೂವೆ."

"ನಿಮ್ ಪಾಲಿನ ಎರಡು ಬೆಲ್ಟು ಕರುವಿನ ಕೊರಳಾಗವೆ. ಬಿಚ್ಕೊಂಡ್ ಬನ್ನಿ."

ಗೌಡ ಅವಳ ಮುಖ ನೋಡಿದ. ಅಲ್ಲಿ ನಗುವಿರಲಿಲ್ಲ. ಬಿಳಿ ಪಂಚೆ ಎತ್ತಿ ಕಟ್ಟಿ ಕೊಟ್ಟಿಗೆಗೆ ಇಳಿದ. ಹೊಸಬನನ್ನು ಕಂಡ ಕರು ಗೂಟ ಸುತ್ತತೊಡಗಿತು. ಸಗಣಿಯಲ್ಲಿ ಅವನೂ ಅದರ ಹಿಂದೆ ಸುತ್ತಿದ. ಕರುವನ್ನು ಹಿಡಿದುಕೊಡಲು ಮಾರಕ್ಕ ಎದ್ದಳು.

"ನೀವು ಕೂತ್ಕಳಿ ಅತ್ತೆ," ಎಂದು ಲತಾಮಣಿ ಸೂಜಿಗೆ ದಾರ ಪೋಣಿಸಿದಳು.